ಎಲ್ಲೋರದ ಕೈಲಾಸ ದೇವಾಲಯವನ್ನು ಅನ್ಯಗ್ರಹದವರು ಕಟ್ಟಿದರಂತೆ, ನಿಜವೇ?

ಇಲ್ಲ, ಉಳಿ-ಸುತ್ತಿಗೆ ಹಿಡಿದ ಮನುಷ್ಯರೇ ಮಾಡಿದ್ದು. 'ಕಟ್ಟಿದರು' ಅನ್ನುವಲ್ಲೇ ಎಡವಟ್ಟು ಶುರು. ಅದನ್ನು ಕಟ್ಟಲಿಲ್ಲ, ಗುಡ್ಡವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದರು. ಹಾಗಾಗಿ ಭಾರೀ ಕಲ್ಲುಗಳನ್ನು ಮೇಲೆತ್ತುವ ಪ್ರಮೇಯವೇ ಬರಲಿಲ್ಲ. ಶಿಲ್ಪಿಗೆ ತಾನು ನಿಂತ ಬಂಡೆಯೇ ಅಟ್ಟಣಿಗೆ.

ಮಾಡಿಸಿದವನು ನಮ್ಮ ರಾಷ್ಟ್ರಕೂಟರ ಒಂದನೇ ಕೃಷ್ಣ, 8ನೇ ಶತಮಾನದಲ್ಲಿ. ಸುಮಾರು 812ರ ಬರೋಡಾ ತಾಮ್ರಶಾಸನ ಅವನ ಹೆಸರನ್ನೇ ಹೇಳುತ್ತದೆ. ಇದನ್ನು ಹೇಗೆ ಮಾಡಿದೆನಪ್ಪಾ ಎಂದು ಶಿಲ್ಪಿಯೇ ಬೆರಗಾದನಂತೆ! ಅವನ ಬೆರಗಿಗೆ ಅರ್ಥವಿದೆ, ಅನ್ಯಗ್ರಹದವರ ಕತೆ ಹೇಳುವ ಟಿವಿಯವರದ್ದಕ್ಕಿಲ್ಲ.

ಪುಣೆಯಲ್ಲಿದ್ದರೆ ಜಂಗಲಿ ಮಹಾರಾಜ ರಸ್ತೆಯ ಪಾತಾಳೇಶ್ವರಕ್ಕೆ ಹೋಗಿ ಬನ್ನಿ. ಅದೂ ರಾಷ್ಟ್ರಕೂಟರ ಕಾಲದ್ದೇ, ಅರ್ಧಕ್ಕೆ ನಿಂತದ್ದು. ಒಳಗೋಡೆಗೆ ಮೊಬೈಲ್ ಟಾರ್ಚ್ ಓರೆಯಾಗಿ ಹಿಡಿದರೆ ಉಳಿಯ ಗೀರುಗಳು ಎದ್ದು ಕಾಣುತ್ತವೆ.