ಹಿಂದಕ್ಕೇ ಹೋಗುವ ಸೈಕಲ್

ಶಹಾಬಾದಿನಿಂದ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: “ಎಂಟು ವರ್ಷದ ಮೊಮ್ಮಗಳಿಗೆ ಸೆರೆಬ್ರಲ್ ಪಾಲ್ಸಿ. ಎರಡೂ ಕಾಲು ಬಿಗಿ, ಎಡಗೈ ಕೂಡ ಸ್ವಲ್ಪ ಬಿಗಿ. ಪುಣೆಯಲ್ಲಿರುವ ಮಗ ಅವಳಿಗೆಂದೇ ಮಾಡಿದ ಮೂರು ಗಾಲಿ ಸೈಕಲ್ ಕಳಿಸಿದ್ದಾನೆ. ಬೆನ್ನಿಗೆ ಆಸರೆ, ಸೊಂಟಕ್ಕೆ ಬೆಲ್ಟ್, ಪೆಡಲ್ ಮೇಲೆ ಪಾದ ಕಟ್ಟುವ ಪಟ್ಟಿ, ಹಿಂದಿನಿಂದ ತಳ್ಳಲು ಹಿಡಿಕೆ, ಎಲ್ಲ ಇದೆ. ಮೂರು ವಾರದಿಂದ ದಿನಾ ಅರ್ಧ ತಾಸು ಅಂಗಳದಲ್ಲಿ ಇಪ್ಪತ್ತು ಸುತ್ತು ಹಾಕಿಸುತ್ತಿದ್ದೇನೆ. ನಾನು ತಳ್ಳಿದರೆ ಕಾಲು ಚೆನ್ನಾಗಿ ತಿರುಗುತ್ತವೆ. ಬಿಟ್ಟರೆ ಹಿಂದಕ್ಕೆ ಹೋಗುತ್ತಾಳೆ, ನಗುತ್ತಾಳೆ. ಸರ್ಕಾರದ ತ್ರಿಚಕ್ರ ಪುಕ್ಕಟೆ ಸಿಗುತ್ತಿತ್ತಲ್ಲ, ಇಷ್ಟು ದುಡ್ಡು ಯಾಕೆ ಎಂದು ಓಣಿಯವರು ಕೇಳುತ್ತಾರೆ. ಬಿದ್ದರೆ ಯಾರು ಹೊಣೆ ಎಂಬ ಹೆದರಿಕೆ ನನಗೆ. ಮುಂದುವರಿಸಲೋ, ಮಾರಿಬಿಡಲೋ?”

ಸಂಪಾದಕರ ಉತ್ತರ:

ಮಾಸ್ತರೇ, ಮಾರಬೇಡಿ. ಉಳಿದದ್ದನ್ನು ನಿಧಾನವಾಗಿ ಹೇಳುತ್ತೇನೆ.

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಸಲ “ಬಿಟ್ಟರೆ ಹಿಂದಕ್ಕೆ ಹೋಗುತ್ತಾಳೆ, ನಗುತ್ತಾಳೆ” ಎಂಬಲ್ಲಿ ನಿಂತುಬಿಟ್ಟೆ. ನೀವು ಇದನ್ನು ದೂರಿನ ಹಾಗೆ ಬರೆದಿದ್ದೀರಿ. ನನಗೆ ಇಡೀ ಪತ್ರದಲ್ಲಿ ಒಳ್ಳೆಯ ಸುದ್ದಿ ಅಂದರೆ ಇದೇ.

ಯಾಕೆ ಅಂತೀರಾ? ನಮ್ಮ ನಿಮ್ಮ ಸೈಕಲ್ಲಿಗೆ ಫ್ರೀವೀಲ್ ಇರುತ್ತದೆ. ಹಿಂದಕ್ಕೆ ತುಳಿದರೆ ಚೈನು ಸುಮ್ನೆ ಟಕಟಕ ಅನ್ನುತ್ತದೆ, ಸೈಕಲ್ ಎಲ್ಲಿಗೂ ಹೋಗುವುದಿಲ್ಲ. ನಿಮ್ಮ ಮೊಮ್ಮಗಳದ್ದು ಹಾಗಲ್ಲ. ನೀವು ತಳ್ಳಿದರೆ ಅವಳ ಕಾಲು ತಿರುಗುತ್ತವೆ ಎಂದ ಮೇಲೆ ಅದು ಫಿಕ್ಸ್ ವೀಲ್. ಗಾಲಿ ತಿರುಗಿದರೆ ಪೆಡಲ್, ಪೆಡಲ್ ತಿರುಗಿದರೆ ಗಾಲಿ. ಪುಟ್ಟ ಮಕ್ಕಳು ಮನೆಯೊಳಗೆ ಓಡಿಸುತ್ತಾವಲ್ಲ, ಮುಂದಿನ ಗಾಲಿಗೇ ಪೆಡಲ್ ಇರುವ ಸೈಕಲ್, ಅದೂ ಇದೇ ಲೆಕ್ಕ. ಬಿಗಿ ಕಾಲಿನ ಮಕ್ಕಳಿಗೆ ಬೇಕೆಂದೇ ಹೀಗೆ ಮಾಡುತ್ತಾರೆ. ಕಾಲು ಮಧ್ಯದಲ್ಲಿ ನಿಂತುಹೋಗದೆ ಪೂರ್ತಿ ಸುತ್ತು ಹಾಕಲಿ ಎಂದು.

ಅಂದರೆ ಸೈಕಲ್ ಹಿಂದಕ್ಕೆ ಹೋಯಿತು ಎಂದರೆ ಅದನ್ನು ನಡೆಸಿದ್ದು ಅವಳ ಕಾಲು. ನೀವಲ್ಲ, ಇಳಿಜಾರಲ್ಲ. “ನಾ ಒತ್ತಿದರ ಇದು ಹೋಗ್ತದ” ಎಂಬುದು ಎಂಟು ವರ್ಷದಲ್ಲಿ ಮೊದಲ ಸಲ ಅವಳಿಗೆ ಗೊತ್ತಾಗಿದೆ. ನಗದೆ ಏನು ಮಾಡಿಯಾಳು?

ಇನ್ನು ಹಿಂದಕ್ಕೇ ಯಾಕೆ ಹೋಗುತ್ತದೆ ಎಂಬುದು ಸಣ್ಣ ಗಣಿತ. ಅವಳ ಬಲಗಡೆ ನಿಂತು ಪೆಡಲನ್ನು ಗಡಿಯಾರದ ಮುಳ್ಳು ಎಂದುಕೊಳ್ಳಿ. ಬಲಗಾಲು ಒಂದು ಗಂಟೆ, ಎರಡು ಗಂಟೆಯ ಜಾಗದಲ್ಲಿದ್ದಾಗ ಕೆಳಗೆ ಒತ್ತಿದರೆ ಸೈಕಲ್ ಮುಂದೆ ಹೋಗುತ್ತದೆ. ಹನ್ನೊಂದರಲ್ಲಿದ್ದಾಗ ಒತ್ತಿದರೆ ಹಿಂದೆ. ಸರಿಯಾಗಿ ಹನ್ನೆರಡರಲ್ಲಿದ್ದರೆ ಎಷ್ಟು ಒತ್ತಿದರೂ ಕದಲುವುದಿಲ್ಲ. ಇಂಥ ಮಕ್ಕಳು ಸಾಮಾನ್ಯವಾಗಿ ಎರಡೂ ಕಾಲನ್ನು ಒಟ್ಟಿಗೇ ಚಾಚಲು ನೋಡುತ್ತಾರೆ. ಆಗಲೂ ಪೆಡಲ್ ಕಚ್ಚಿಕೊಂಡು ನಿಲ್ಲುತ್ತದೆ. ಹಾಗಾಗಿ ಶುರು ಮಾಡುವ ಮೊದಲು ನೀವೇ ಬಲ ಪೆಡಲನ್ನು ಒಂದೂವರೆ ಗಂಟೆಗೆ ತಂದಿಡಿ. ಆ ಒಂದು ಕಾಲಿನ ಮೊಣಕಾಲ ಮೇಲೆ ಮೆಲ್ಲಗೆ ಕೈ ಇಟ್ಟು “ಇದು” ಎನ್ನಿ. ಅಷ್ಟು ಸಾಕು. “ಒತ್ತು, ಜೋರಾಗಿ, ಆ ಕಾಲಲ್ಲ, ಮುಂದೆ ನೋಡು” ಎಂದೆಲ್ಲ ಒಟ್ಟಿಗೆ ಹೇಳಿದರೆ ಮೈ ಇನ್ನೂ ಬಿಗಿಯಾಗುತ್ತದೆ.

ಈಗ ನಿಮಗೆ ಸ್ವಲ್ಪ ಬೇಜಾರಾಗುವ ಮಾತು. ನೀವು ತಳ್ಳಿದಾಗ ಅವಳು ತುಳಿಯುತ್ತಿಲ್ಲ. ನೀವು ಅವಳ ಕಾಲನ್ನು ತಿರುಗಿಸುತ್ತಿದ್ದೀರಿ. ಮೊದಲ ವಾರಕ್ಕೆ ಅದು ಬೇಕಿತ್ತು. ಮೊಣಕಾಲು ಮಡಚುವುದು, ಚಾಚುವುದು ಕಾಲಿಗೆ ರೂಢಿಯಾಗಬೇಕು. ಆದರೆ ಅಜ್ಜ ಇಪ್ಪತ್ತು ಸುತ್ತು ಗ್ಯಾರಂಟಿ ಹಾಕಿಸುತ್ತಾನೆ ಎಂದಾದರೆ ಅವಳು ಯಾಕೆ ಒತ್ತಬೇಕು? ನೀವು ಪಾಠ ಮಾಡಿದವರು. ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿಬಿಡುವ ಮಾಸ್ತರ ಮುಂದೆ ಯಾವ ಹುಡುಗ ಕೈ ಎತ್ತುತ್ತಾನೆ ಹೇಳಿ.

ಸೆರೆಬ್ರಲ್ ಪಾಲ್ಸಿ ಕಾಲಿನ ಕಾಯಿಲೆಯಲ್ಲ. ಹುಟ್ಟುವ ಮೊದಲೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಮಿದುಳಿಗೆ ಬಿದ್ದ ಪೆಟ್ಟು. ಆ ಪೆಟ್ಟು ಮುಂದೆ ಬೆಳೆಯುವುದಿಲ್ಲ. ಆದರೆ ಮಿದುಳಿನ ಮಾತು ಕಾಲಿಗೆ ತಲುಪಲು ಹೊತ್ತು ಹಿಡಿಯುತ್ತದೆ. ಅದಕ್ಕೆ ಕಾಯಬೇಕು. ಎರಡು ಮಾರು ತಳ್ಳಿ, ಕೈ ಸಡಿಲ ಬಿಡಿ. ಹಿಡಿಕೆ ಮೇಲೆ ಬೆರಳು ಇರಲಿ, ಬಲ ಬೇಡ. ಮನಸ್ಸಿನಲ್ಲಿ ಹತ್ತು ಎಣಿಸಿ. ಅವಳು ಒತ್ತಿದರೆ ಹಿಡಿಕೆ ನಿಮ್ಮ ಬೆರಳಿನಿಂದ ತಾನಾಗಿ ಮುಂದಕ್ಕೆ ಸರಿಯುತ್ತದೆ. ಅದು ಕಣ್ಣಿಗೆ ಕಾಣುವ ಮೊದಲು ಬೆರಳಿಗೆ ಗೊತ್ತಾಗುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. ಸುತ್ತಿನ ಲೆಕ್ಕ ಬಿಟ್ಟುಬಿಡಿ. ಸುತ್ತು ಹಾಕಿ ಹೊರಟಲ್ಲಿಗೇ ಬರುವುದರಲ್ಲಿ ಮಕ್ಕಳಿಗೆ ಏನು ಸುಖ? ಎದುರು ಮನೆಯ ಆಡಿನ ಮರಿ ತನಕ ಹೋಗಲಿ. ಕಿರಾಣಿ ಅಂಗಡಿ ತನಕ ಹೋಗಲಿ.

ಸೀಟಿನ ಎತ್ತರ ಒಮ್ಮೆ ನೋಡಿ. ಪೆಡಲ್ ತೀರ ಕೆಳಗಿದ್ದಾಗ ಮೊಣಕಾಲು ಸ್ವಲ್ಪ ಮಡಚಿರಬೇಕು. ಪೂರ್ತಿ ನೆಟ್ಟಗಾದರೆ ಕಾಲು ಅಲ್ಲೇ ಸೆಟೆದುಕೊಳ್ಳುತ್ತದೆ. ಕಲಬುರಗಿಗೆ ಥೆರಪಿಗೆ ಹೋಗುವಾಗ ಒಂದು ಸಲ ಸೈಕಲ್ಲನ್ನೂ ಒಯ್ದು ಫಿಜಿಯೋಥೆರಪಿಸ್ಟ್ ಮುಂದೆ ಕೂರಿಸಿ ತೋರಿಸಿ. ಕೈಯಲ್ಲಿ ಅಳೆಯದೆ ನಾನು ಇಲ್ಲಿಂದ ಬರೆಯುವುದಕ್ಕೂ ಅವರು ನೋಡಿ ಹೇಳುವುದಕ್ಕೂ ವ್ಯತ್ಯಾಸ ಇದೆ. ಫಿಟ್ಸ್ ಏನಾದರೂ ಬರುತ್ತಿದ್ದರೆ ಡಾಕ್ಟರಿಗೆ ಹೇಳದೆ ಓಣಿಗೆ ಇಳಿಸಬೇಡಿ.

ಅಂಗಳದ ಮಾತಿಗೆ ಬರುತ್ತೇನೆ. ನೆಲಕ್ಕೆ ಹಾಸುವ ನಿಮ್ಮೂರ ಪರ್ಸಿ ಕಲ್ಲು ದೇಶವೆಲ್ಲ ತಿರುಗಿದೆ, ಅದರ ಮೇಲೆ ಗಾಲಿ ಹಗುರವಾಗಿ ಉರುಳುತ್ತದೆ. ಆದರೆ ಎರಡು ಪರ್ಸಿಯ ನಡುವಿನ ಸಂದಿಯಲ್ಲಿ ಮುಂದಿನ ಗಾಲಿ ಸಿಕ್ಕಿಕೊಂಡರೆ ಎಡಗೈ ಬಿಗಿ ಇರುವ ಮಗು ಹ್ಯಾಂಡಲ್ ಬಿಡಿಸಿಕೊಳ್ಳಲಾರದು. ಸಂದಿಗೆ ಸಿಮೆಂಟ್ ತುಂಬಿಸಿ. ತೊಳೆದ ದಿನ ಜಾರುತ್ತದೆ, ಅವತ್ತು ಬೇಡ. ಮಳೆಗಾಲದಲ್ಲಿ ಎರೆ ಮಣ್ಣಿನ ಕಡೆಗಂತೂ ಹೋಗುವ ಹಾಗೇ ಇಲ್ಲ, ನಮ್ಮ ಚಪ್ಪಲಿಯೇ ಅಲ್ಲಿ ಉಳಿಯುತ್ತದೆ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಕಡೆ ಬಿಸಿಲಿಗೆ ನಿಂತ ಸೈಕಲ್ಲಿನ ಬಕಲ್ ಮುಟ್ಟಿದರೆ ಚುರ್ ಅನ್ನುತ್ತದೆ. ಬೆಳಗಿನ ಆರೂವರೆಯೇ ಸರಿ.

ಬಿದ್ದರೆ ಯಾರು ಹೊಣೆ ಎಂದಿರಿ. ಮೂರು ಗಾಲಿ ನಿಂತಲ್ಲಿ ಬೀಳುವುದಿಲ್ಲ. ಜೋರಾಗಿ ಹೋಗಿ ಹ್ಯಾಂಡಲ್ ಫಕ್ಕನೆ ತಿರುಗಿಸಿದಾಗ ಹೊರಗಡೆಗೆ ಮಗುಚಬಹುದು. ತಿರುವಿನಲ್ಲಿ ನಿಧಾನ ಎಂಬುದನ್ನು ಮೊದಲೇ ಕಲಿಸಿ. ತಲೆಗೆ ಹೆಲ್ಮೆಟ್ ಇರಲಿ. ಇಳಿಜಾರಿನಲ್ಲಿ ಬಿಡಲೇಬೇಡಿ. ಫಿಕ್ಸ್ ವೀಲಿನಲ್ಲಿ ಪಾದ ಕಟ್ಟಿದ್ದಾಗ ಗಾಲಿ ಓಡಿದಷ್ಟೂ ಕಾಲು ಓಡಲೇಬೇಕು. ಪಾದಕ್ಕೆ ವೆಲ್ಕ್ರೋ ಪಟ್ಟಿಯೇ ಇರಲಿ. ಅದು ಹಾಳಾದಾಗ ಹಗ್ಗದ ಗಂಟು ಹಾಕಬೇಡಿ, ಒಂದೇ ಎಳೆತಕ್ಕೆ ಬಿಚ್ಚುವಂತಿರಬೇಕು. ಇಷ್ಟೆಲ್ಲ ಮಾಡಿಯೂ ಒಂದು ದಿನ ಮೊಣಕೈ ತರಚಬಹುದು. ನಿಮ್ಮ ಮಗ ಸೈಕಲ್ ಕಲಿತಾಗ ತರಚಿರಲಿಲ್ಲವೇ?

ಇನ್ನು ಓಣಿಯವರ ಪುಕ್ಕಟೆ ತ್ರಿಚಕ್ರ. ಅವರು ಹೇಳುವುದು ಕೈಯಿಂದ ತಿರುಗಿಸುವ ಮೂರು ಗಾಲಿಯ ಗಾಡಿ. ಅಂಗವಿಕಲರಿಗೆ ಸಾಧನ ಕೊಡುವ ಕೇಂದ್ರದ ಅಡಿಪ್ ಯೋಜನೆ 1981ರಿಂದ ಇದೆ. ಇಂಥ ಸಾಧನ ತಯಾರಿಸುವ ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೋ 1972ರಲ್ಲೇ ಸ್ಥಾಪನೆಯಾಯಿತು. ಪೋಲಿಯೊದಿಂದ ಕಾಲು ಹೋಗಿ ತೋಳು ಗಟ್ಟಿ ಇದ್ದ ಒಂದು ತಲೆಮಾರಿಗೆ ಆ ಗಾಡಿ ದೊಡ್ಡ ಆಸರೆಯಾಯಿತು. 2014ರಲ್ಲಿ ಭಾರತ ಪೋಲಿಯೊ ಮುಕ್ತ ಎಂದು ಸಾರಿದರು. ನಮ್ಮ ಕಣ್ಣಿನಲ್ಲಿ ಮಾತ್ರ ಅಂಗವಿಕಲರ ಗಾಡಿ ಅಂದರೆ ಇವತ್ತಿಗೂ ಅದೊಂದೇ. ಎಡಗೈ ಬಿಗಿ ಇರುವ, ಕಾಲಿಗೆ ಕೆಲಸ ಬೇಕಾದ ಹುಡುಗಿಗೆ ಅದನ್ನು ಕೊಟ್ಟು ಏನು ಮಾಡುವುದು? ಆದರೆ ಸರ್ಕಾರದಿಂದ ಕೇಳುವುದನ್ನು ಬಿಡಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಕಲಂ ಪ್ರಕಾರ, ಶೇ 40 ಅಥವಾ ಜಾಸ್ತಿ ವೈಕಲ್ಯ ಇರುವ ವಿದ್ಯಾರ್ಥಿಗಳಿಗೆ 18 ವರ್ಷದ ತನಕ ತಕ್ಕ ಸಾಧನಗಳನ್ನು ಉಚಿತವಾಗಿ ಕೊಡಬೇಕು. ‘ತಕ್ಕ’ ಎಂಬ ಪದಕ್ಕೆ ಅಡಿಗೆರೆ ಹಾಕಿ ಅರ್ಜಿ ಬರೆಯಿರಿ, ಅಕ್ಷರ ನಿಮಗೆ ಒಲಿದಿದೆ. ಅಂಗವಿಕಲರ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್ ಆಗಿಲ್ಲದಿದ್ದರೆ ಮೊದಲು ಅದು. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯಲ್ಲಿ ಬಿಐಇಆರ್‌ಟಿ ಎಂಬ ವಿಶೇಷ ಶಿಕ್ಷಕರನ್ನು ಕೇಳಿ. ಈ ಸೈಕಲ್ ಚಿಕ್ಕದಾದಾಗ ಮುಂದಿನದಕ್ಕೆ ಈಗಿನಿಂದಲೇ ಓಡಾಡಬೇಕಲ್ವಾ?

ಓಣಿಯವರ ಮಾತು ಬಂದಾಗ ನನ್ನದೇ ಒಂದು ತಪ್ಪು ನೆನಪಾಗುತ್ತದೆ. ಕೆಲವು ವರ್ಷದ ಹಿಂದೆ ಕಲಬುರಗಿಯ ಒಂದು ಬಡಾವಣೆಯಲ್ಲಿ ಇಂಥದೇ ಸೈಕಲ್ ಮೇಲೆ ಹೋಗುತ್ತಿದ್ದ ಹುಡುಗನ ಫೋಟೊ ಹಾಕಿ, ಕೆಳಗೆ ‘ಛಲದಂಕಮಲ್ಲ’ ಎಂದು ಬರೆದೆ. ಮರುದಿನ ಅವನ ತಾಯಿಯ ಫೋನು. “ಛಲಾ ಗಿಲಾ ಏನೂ ಇಲ್ರೀ. ಅವ ಹಾಲಿನ ಪಾಕೀಟ್ ತರಾಕ ಹೊಂಟಿದ್ದ. ನೀವ್ ಫೋಟೊ ತೆಗ್ಯಾಕ ನಿಲ್ಲಿಸಿದ್ರಿ, ಹಾಲ ಒಡೀತು.” ಆವತ್ತಿನಿಂದ ಇಂಥ ಫೋಟೊಗೆ ಅಡಿಬರಹ ಬರೆಯುವಾಗ ನನ್ನ ಕೈ ನಡುಗುತ್ತದೆ. ನಿಮ್ಮ ಮೊಮ್ಮಗಳ ಫೋಟೊ ಕಳಿಸಿದ್ದೀರಿ. ಅದನ್ನು ಹಾಕುತ್ತಿಲ್ಲ, ತಪ್ಪು ತಿಳಿಯಬೇಡಿ.

ಆದರೆ ಆ ಫೋಟೊದಲ್ಲಿ ಒಂದು ಕಂಡೆ. ಸೈಕಲ್ಲಿಗೆ ಬೆಲ್ ಇಲ್ಲ. ನಿಮ್ಮೂರ ಪಂಚರ್ ಅಂಗಡಿಯಲ್ಲೇ ಸಿಗುತ್ತದೆ, ಒಂದು ಹಾಕಿಸಿ. ಎಡಗೈ ಬಿಗಿ ಅಂದಿದ್ದೀರಲ್ಲ, ಬಲಗಡೆ ಹೆಬ್ಬೆರಳಿಗೆ ಸಿಗುವಂತೆ ಕೂರಿಸಲು ಹೇಳಿ. ಮಧ್ಯಾಹ್ನ ನಿಮ್ಮ ನಿದ್ದೆ ಹಾಳಾದರೆ ಸಂಪಾದಕರು ಜವಾಬ್ದಾರರಲ್ಲ.