ಸೈಟ್ರಾನ್ಸ್ ಹುಟ್ಟಿದ್ದೆಲ್ಲಿ? ಅದರ ಬಗೆಗಳನ್ನು ಗುರುತಿಸುವುದು ಹೇಗೆ?

ಸೈಟ್ರಾನ್ಸ್ ಎಂದರೆ ವೇಗದ ಎಲೆಕ್ಟ್ರಾನಿಕ್ ನೃತ್ಯ ಸಂಗೀತ. ಅದರ ಬೇರು ಇರುವುದು ಗೋವಾದ ಅಂಜುನಾ ಕಡಲತೀರದಲ್ಲಿ. 1980ರ ದಶಕದ ಕೊನೆಗೆ ಗೋವಾ ಗಿಲ್ ಅವರಂಥ ಡಿಜೆಗಳು ಅಲ್ಲಿ ರಾತ್ರಿಯಿಡೀ ಡ್ಯಾಟ್ (ಡಿಜಿಟಲ್ ಆಡಿಯೊ) ಟೇಪ್ ಹಾಕುತ್ತಿದ್ದರು. ಏಕೆಂದರೆ ವಿನೈಲ್ ತಟ್ಟೆ ಹೊರಲು ಭಾರ, ಬಿಸಿಲಿಗೆ ಸೊಟ್ಟಗಾಗುವುದು ಬೇರೆ. ಆ ಸಂಗೀತ 90ರ ದಶಕದಲ್ಲಿ ಗೋವಾ ಟ್ರಾನ್ಸ್ ಆಗಿ ಹೆಸರು ಮಾಡಿ, ಇಸ್ರೇಲ್, ಬ್ರಿಟನ್‌ಗಳಲ್ಲಿ ಬೆಳೆದು ಸೈಟ್ರಾನ್ಸ್ ಆಯಿತು.

ವೇಗದಿಂದಲೇ ಬಗೆ ಅರ್ಧ ಗೊತ್ತಾಗುತ್ತದೆ: ಪ್ರೊಗ್ರೆಸಿವ್ ಸುಮಾರು 135-140 ಬಿಪಿಎಂ (ನಿಮಿಷಕ್ಕೆ ಇಷ್ಟು ಬಡಿತ), ಫುಲ್-ಆನ್ 142-148, ಡಾರ್ಕ್‌ಸೈ 150 ದಾಟುತ್ತದೆ. ಆದರೆ ಸೈಟ್ರಾನ್ಸ್‌ನ ಜೀವಾಳ ಬೇಸ್, ಅಂದರೆ ತಗ್ಗು ಸ್ವರಗಳ ಸಾಲು. ಒಂದು ಕಿಕ್ (ಡ್ರಮ್ಮಿನ ದೊಡ್ಡ ಹೊಡೆತ), ಬೆನ್ನಿಗೇ ಮೂರು ಬೇಸ್ ಸ್ವರ. 145ರ ವೇಗದಲ್ಲಿ ಒಂದೊಂದಕ್ಕೂ ಸಿಗುವುದು ಸುಮಾರು 103 ಮಿಲಿಸೆಕೆಂಡ್. ಕಿಕ್‌ನ ಬಾಲ, ಅಂದರೆ ಹೊಡೆತದ ನಂತರ ಉಳಿಯುವ ಸದ್ದು, ಅದಕ್ಕಿಂತ ಉದ್ದವಾದರೆ ಮೊದಲ ಬೇಸ್ ಸ್ವರದ ಮೇಲೆ ಬಿದ್ದು ಸದ್ದೆಲ್ಲ ರಾಡಿ. ನೀವೇ ಹಾಡು ಕಟ್ಟುವುದಾದರೆ, ಈಕ್ಯೂ (ಸದ್ದಿನ ಏರಿಳಿತ ಸರಿಹೊಂದಿಸುವ ಈಕ್ವಲೈಜರ್) ಮುಟ್ಟುವ ಮೊದಲು ಆ ಬಾಲ ಕತ್ತರಿಸಿ.