ಮದರ್‌ಬೋರ್ಡಿನ ಆಡಿಯೋ ಸಾಕೆ, ಸೌಂಡ್ ಕಾರ್ಡ್ ಬೇಕೆ?

ಪ್ರಶ್ನೆ: ನಮ್ಮ ತಂದೆಯವರ ಗಮಕ ವಾಚನದ ಹಳೆಯ ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲಿವೆ. ಟೇಪ್ ರೆಕಾರ್ಡರ್‌ನ ಹೆಡ್‌ಫೋನ್ ಜ್ಯಾಕಿನಿಂದ ಡೆಸ್ಕ್‌ಟಾಪ್ ಕಂಪ್ಯೂಟರಿನ ಮೈಕ್ ಜ್ಯಾಕಿಗೆ ವೈರ್ ಕೊಟ್ಟು ರೆಕಾರ್ಡ್ ಮಾಡಿದರೆ, ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದು ಬಿಡದೆ ಕೇಳುತ್ತದೆ. ಏರುದನಿಯ ಕಡೆಗಳಲ್ಲಿ ಧ್ವನಿ ಒಡೆಯುತ್ತದೆ. ಮದರ್‌ಬೋರ್ಡಿನ ಆಡಿಯೋ ಇದಕ್ಕೆ ಸಾಲದು, ಸೌಂಡ್ ಕಾರ್ಡ್ ಹಾಕಿಸಿ ಎಂದು ಅಂಗಡಿಯವರು ಹೇಳುತ್ತಾರೆ. ಹಾಕಿಸಬೇಕೆ?
– ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಈಗಲೇ ಹಾಕಿಸಬೇಡಿ. ನೀವು ಬರೆದಿರುವ ಎರಡು ತೊಂದರೆಗಳಿಗೂ ಕಾರಣಗಳು ಬೇರೆ ಬೇರೆ. ಎರಡರಲ್ಲೂ ಮದರ್‌ಬೋರ್ಡಿನ ತಪ್ಪು ಇಲ್ಲದಿರುವ ಸಂಭವವೇ ಹೆಚ್ಚು.

ಧ್ವನಿ ಒಡೆಯುತ್ತಿರುವುದು ನೀವು ಆರಿಸಿಕೊಂಡ ಜ್ಯಾಕಿನಿಂದ. ಡೆಸ್ಕ್‌ಟಾಪಿನ ಹಿಂಬದಿಯಲ್ಲಿ ಸಾಮಾನ್ಯವಾಗಿ ಸ್ಪೀಕರಿಗೆ ಹಸಿರು, ಮೈಕಿಗೆ ಗುಲಾಬಿ, ಹೊರಗಿನ ಉಪಕರಣಗಳಿಗೆ ನೀಲಿ ಬಣ್ಣದ ಜ್ಯಾಕುಗಳಿರುತ್ತವೆ. ಮೈಕಿನ ಸಂಕೇತ ಕೆಲವೇ ಮಿಲಿವೋಲ್ಟಿನಷ್ಟು ಸಣ್ಣದಾದ್ದರಿಂದ ಗುಲಾಬಿ ಜ್ಯಾಕಿನ ಹಿಂದೆ ಅದನ್ನು ಹಿಗ್ಗಿಸುವ ಆಂಪ್ಲಿಫೈಯರ್ ಇರುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದಾದ ಟೇಪ್ ರೆಕಾರ್ಡರ್‌ನ ಸಂಕೇತವನ್ನು ಅಲ್ಲಿಗೆ ಕೊಟ್ಟರೆ ಧ್ವನಿತರಂಗದ ತುದಿಗಳು ಕತ್ತರಿಸಿಹೋಗುತ್ತವೆ, ಮತ್ತು ಹಾಗೆ ಕತ್ತರಿಸಿಹೋದದ್ದನ್ನು ಆಮೇಲೆ ಯಾವ ತಂತ್ರಾಂಶವೂ ಪೂರ್ತಿಯಾಗಿ ಮರಳಿಸಲಾರದು. ವೈರನ್ನು ನೀಲಿ ಜ್ಯಾಕಿಗೆ ಬದಲಾಯಿಸಿ. ಕ್ಯಾಬಿನೆಟ್ಟಿನ ಮುಂಭಾಗದ ಜ್ಯಾಕುಗಳನ್ನು ಬಳಸಬೇಡಿ; ಅವುಗಳ ವೈರು ಒಳಗಿನ ಬಿಡಿಭಾಗಗಳ ಪಕ್ಕದಲ್ಲೇ ಹಾದುಬರುವಾಗ ವಿದ್ಯುತ್ ಗದ್ದಲವನ್ನು ಎಳೆದುಕೊಳ್ಳುತ್ತದೆ.

ಗುಂಯ್ ಎಂಬ ಸದ್ದಿನ ಮೂಲ ಬಹುಮಟ್ಟಿಗೆ ಮನೆಯ ವಿದ್ಯುತ್ತೇ, ಏಕೆಂದರೆ ನಮ್ಮಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ, ಮತ್ತು ಎರಡು ಉಪಕರಣಗಳು ಬೇರೆ ಬೇರೆ ಸಾಕೆಟ್ಟುಗಳಲ್ಲಿದ್ದು ಅರ್ತಿಂಗ್‌ನಲ್ಲಿ ವ್ಯತ್ಯಾಸವಿದ್ದರೆ ಅವುಗಳ ನಡುವಿನ ಆಡಿಯೋ ವೈರಿನಲ್ಲಿ ಅದೇ ಆವರ್ತನವು ಸದ್ದಾಗಿ ಹರಿಯುತ್ತದೆ. ಇದನ್ನು ಪರೀಕ್ಷಿಸಲು ಹಣ ಬೇಕಿಲ್ಲ. ಟೇಪ್ ರೆಕಾರ್ಡರ್‌ಗೆ ಸೆಲ್ ಹಾಕಿ, ಅದರ ಪ್ಲಗ್ ಕಿತ್ತು, ಕ್ಯಾಸೆಟ್ ಹಾಕಿ ನೋಡಿ. ಸದ್ದು ನಿಂತರೆ ಸೌಂಡ್ ಕಾರ್ಡಿನ ಮಾತೇ ಬೇಡ. ಸೆಲ್ಲಿನಲ್ಲೇ ಎಲ್ಲ ಕ್ಯಾಸೆಟ್ಟುಗಳನ್ನೂ ಮುಗಿಸಬಹುದು. ಸದ್ದು ಹಾಗೇ ಉಳಿದು, ಮೌಸ್ ಅಲುಗಾಡಿಸಿದಾಗ ಅಥವಾ ಫೈಲ್ ತೆರೆದಾಗ ಚಿರ್ ಎಂದು ಬದಲಾಗುತ್ತಿದ್ದರೆ ಮಾತ್ರ ಅದು ಮದರ್‌ಬೋರ್ಡಿನ ಆಡಿಯೋ ಒಳಗಿನ ಗದ್ದಲವನ್ನು ಹಿಡಿಯುತ್ತಿರುವ ಗುರುತು.

ಅಂಗಡಿಯವರ ಮಾತಿಗೆ ಒಂದು ಹಿನ್ನೆಲೆಯಿದೆ. ಸೌಂಡ್ ಬ್ಲಾಸ್ಟರ್ ಕಾರ್ಡ್ ಬಂದ 1989ರ ಹೊತ್ತಿಗೆ ಸಾಮಾನ್ಯ ಪಿಸಿಯಲ್ಲಿ ಬೀಪ್ ಎನ್ನುವ ಪುಟ್ಟ ಸ್ಪೀಕರಿನ ಹೊರತು ಬೇರೇನೂ ಇರಲಿಲ್ಲ. ಸಂಗೀತ ಬೇಕೆಂದರೆ ಕಾರ್ಡ್ ಬೇಕೇ ಆಗಿತ್ತು. ಇಂಟೆಲ್ 1997ರಲ್ಲಿ ಎಸಿ97 ಮಾನದಂಡವನ್ನೂ 2004ರಲ್ಲಿ ಎಚ್‌ಡಿ ಆಡಿಯೋವನ್ನೂ ತಂದ ಮೇಲೆ ಆ ಕೆಲಸ ಮದರ್‌ಬೋರ್ಡಿನ ಒಂದು ಸಣ್ಣ ಚಿಪ್ಪಿಗೆ ಇಳಿಯಿತು. ಅದರ ಗುಣಮಟ್ಟವನ್ನು ಅಂಕಿಗಳಲ್ಲೇ ನೋಡಬಹುದು. ಸಿಡಿಯ 16 ಬಿಟ್ ಧ್ವನಿಯಲ್ಲಿ ಅತಿ ಮೆಲುದನಿಗೂ ಅತಿ ಏರುದನಿಗೂ ನಡುವೆ ಸುಮಾರು 96 ಡೆಸಿಬಲ್ ಅಂತರವಿರುತ್ತದೆ. ರಿಯಲ್‌ಟೆಕ್‌ನ ಎಎಲ್‌ಸಿ892 ಎಂಬ ಸಾಧಾರಣ ಚಿಪ್ ಧ್ವನಿ ನುಡಿಸುವಾಗ 95, ಧ್ವನಿ ಪಡೆಯುವಾಗ 90 ಡೆಸಿಬಲ್ ಕೊಡಬಲ್ಲದು. ಬೋರ್ಡಿನ ಮೇಲೆ ಸುತ್ತಲಿನ ಗದ್ದಲದಿಂದಾಗಿ ಅದು ಇನ್ನಷ್ಟು ಇಳಿಯುತ್ತದೆ, ನಿಜ. ಆದರೆ ಟೇಪಿನ ಸದ್ದು ತಗ್ಗಿಸುವ ಡಾಲ್ಬಿ ವ್ಯವಸ್ಥೆ ಇಲ್ಲದ ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಈ ಅಂತರ 50ರಿಂದ 60 ಡೆಸಿಬಲ್ ಮಾತ್ರ. ಟೇಪಿನ ಸ್ಸ್ ಎಂಬ ಸದ್ದೇ ಚಿಪ್ಪಿನ ಸದ್ದಿಗಿಂತ ಬಹಳ ಮೇಲಿರುವಾಗ, ದುಬಾರಿ ಕಾರ್ಡ್ ಆ ಟೇಪಿನಲ್ಲಿ ಇಲ್ಲದ್ದನ್ನು ಕೊಡಲಾರದು.

ಒಂದು ವೇಳೆ ಮೌಸ್‌ನ ಸದ್ದು ಹೋಗದಿದ್ದರೆ, ಅಥವಾ ನೀಲಿ ಜ್ಯಾಕೇ ಇಲ್ಲದ ಲ್ಯಾಪ್‌ಟಾಪ್ ಬಳಸಬೇಕಾಗಿ ಬಂದರೆ, ಆಗಲೂ ಕ್ಯಾಬಿನೆಟ್ಟಿನೊಳಗೆ ಕೂರಿಸುವ ಕಾರ್ಡಿಗಿಂತ ಯುಎಸ್‌ಬಿಗೆ ಸಿಕ್ಕಿಸುವ ಆಡಿಯೋ ಇಂಟರ್‌ಫೇಸೇ ಉತ್ತಮ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಧ್ವನಿಯನ್ನು ಅಂಕಿಗಳಾಗಿ ಪರಿವರ್ತಿಸುವ ಸೂಕ್ಷ್ಮ ಕೆಲಸ ಅದರಲ್ಲಿ ಗದ್ದಲದ ಪೆಟ್ಟಿಗೆಯಿಂದ ಹೊರಗೆ ನಡೆಯುತ್ತದೆ. ಕಂಪ್ಯೂಟರ್ ಬದಲಾದರೂ ಅದು ಉಳಿಯುತ್ತದೆ. ಕೊಳ್ಳುವಾಗ ಸ್ಟೀರಿಯೋ ಲೈನ್-ಇನ್ (ಡೆಸ್ಕ್‌ಟಾಪಿನ ನೀಲಿ ಜ್ಯಾಕಿನಂಥದು) ಇದೆಯೇ ಎಂದು ಕೇಳಿ. ಕಿರುಬೆರಳಿನ ಗಾತ್ರದ ಅಗ್ಗದ ಯುಎಸ್‌ಬಿ ಸಾಧನಗಳಲ್ಲಿ ಬಹುಪಾಲು ಮೋನೋ ಮೈಕ್ ಜ್ಯಾಕ್ ಮಾತ್ರ ಇರುತ್ತದೆ.

ಆ ಹಣಕ್ಕೂ ಮೊದಲು ನಿಮ್ಮ ಗಮನ ಟೇಪಿನ ಕಡೆಗೆ ಹೋಗಲಿ. ಮಲೆನಾಡಿನ ಮಳೆಗಾಲ ಕಂಡ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿರಬಹುದು. ಬಿಳಿ ಪುಡಿ ಕಂಡದ್ದನ್ನು ಹಾಗೇ ಓಡಿಸಬೇಡಿ. ಟೇಪ್ ರೆಕಾರ್ಡರ್‌ನಲ್ಲಿ ಟೇಪನ್ನು ಓದುವ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಕಂಪ್ಯೂಟರಿನ ಆಡಿಯೋ ಸೆಟ್ಟಿಂಗ್‌ನಲ್ಲಿ ನಾಯ್ಸ್ ಸಪ್ರೆಶನ್ (ಗದ್ದಲ ಅಳಿಸುವ ಸೌಲಭ್ಯ) ಇದ್ದರೆ ತಪ್ಪದೆ ಆಫ್ ಮಾಡಿ, ಏಕೆಂದರೆ ಒಂದೇ ಸಮನೆ ಕೇಳುವ ಶ್ರುತಿಯನ್ನು ಅದು ಗದ್ದಲವೆಂದು ತಿಳಿದು ಅಳಿಸತೊಡಗುತ್ತದೆ, ಜೊತೆಗೆ ವಾಚನದ ದೀರ್ಘ ಸ್ವರಗಳನ್ನೂ ತಿನ್ನುತ್ತದೆ. ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು. ಅದರ ಮೀಟರಿನಲ್ಲಿ ಅತಿ ಏರುದನಿಯೂ ಮೈನಸ್ 6 ಡೆಸಿಬಲ್ ದಾಟದಂತೆ ಮಟ್ಟ ಇಟ್ಟುಕೊಂಡು, ವೇವ್ ಫೈಲಾಗಿ ಉಳಿಸಿ. ಸಿಡಿ ಗುಣಮಟ್ಟದಲ್ಲಿ 60 ನಿಮಿಷದ ಕ್ಯಾಸೆಟ್ಟಿಗೆ ಸುಮಾರು 635 ಎಂಬಿ ಜಾಗ ಬೇಕು. ಇನ್ನೊಂದು ಪ್ರತಿಯಿಲ್ಲದ ಧ್ವನಿಯಿದು. ಬಂಧುಗಳಿಗೆ ಎಂಪಿ3 ಕಳಿಸಿ, ಆದರೆ ಮೂಲವನ್ನು ಎಂಪಿ3 ಮಾಡಿ ಇಡಬೇಡಿ.

ಪ್ರಶ್ನೆ: ಮಗಳು ಹೆಡ್‌ಫೋನ್ ಹಾಕಿಕೊಂಡು ಕಂಪ್ಯೂಟರಿನಲ್ಲಿ ತನ್ನ ಹಾಡನ್ನು ರೆಕಾರ್ಡ್ ಮಾಡುವಾಗ ತನ್ನದೇ ದನಿ ಅವಳಿಗೆ ತಡವಾಗಿ ಕೇಳುತ್ತದೆ. ಸೌಂಡ್ ಕಾರ್ಡ್ ಹಾಕಿದರೆ ಸರಿಹೋಗುವುದೇ?
– ಓದುಗರೊಬ್ಬರು, ಹಾಸನ

ಉತ್ತರ: ನಿಮ್ಮ ವಿಷಯದಲ್ಲಿ ಖರ್ಚು ಸಾರ್ಥಕ. ದನಿ ಕಂಪ್ಯೂಟರಿನೊಳಗೆ ಹೋಗಿ ವಿಂಡೋಸ್ ಮೂಲಕ ಸುತ್ತಿ ಬರುವುದರಿಂದ ಈ ವಿಳಂಬವಾಗುತ್ತದೆ. ಡೈರೆಕ್ಟ್ ಮಾನಿಟರ್ ಸೌಲಭ್ಯವಿರುವ ಯುಎಸ್‌ಬಿ ಇಂಟರ್‌ಫೇಸ್ ಆದರೆ ಮೈಕಿನ ದನಿಯನ್ನು ಕಂಪ್ಯೂಟರಿಗೆ ಹೋಗುವ ಮೊದಲೇ ಹೆಡ್‌ಫೋನಿಗೆ ಕೊಡುತ್ತದೆ. ಆದರೆ ಆನ್‌ಲೈನ್ ಪಾಠದಲ್ಲಿ ಗುರುಗಳ ದನಿ ತಡವಾಗುವುದು ಇಂಟರ್ನೆಟ್ಟಿನಿಂದ. ಅದನ್ನು ಯಾವ ಕಾರ್ಡೂ ಸರಿಪಡಿಸದು. ಮುಂದೆ ಸ್ಟುಡಿಯೋ ಬಗೆಯ ಕಂಡೆನ್ಸರ್ ಮೈಕ್ ಕೊಳ್ಳುವ ಯೋಚನೆಯಿದ್ದರೆ ಮೈಕಿಗೆ ಅದರ ವೈರಿನಲ್ಲೇ ವಿದ್ಯುತ್ ಕೊಡುವ 48 ವೋಲ್ಟ್ ಫ್ಯಾಂಟಮ್ ಪವರ್ ಇರುವ ಇಂಟರ್‌ಫೇಸನ್ನೇ ಆರಿಸಿ, ಏಕೆಂದರೆ ಮದರ್‌ಬೋರ್ಡಿನ ಗುಲಾಬಿ ಜ್ಯಾಕು ಕೊಡುವುದು ಕೆಲವೇ ವೋಲ್ಟುಗಳನ್ನು, ಅಂಥ ಮೈಕ್ ಅಷ್ಟರಲ್ಲಿ ಕೆಲಸ ಮಾಡುವುದಿಲ್ಲ.